ಸರಾಸರಿಯ ಹಿಂದೆ ಮರೆಯಾದ ಮನೆ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹೆಸರು ಹೇಳಿದೊಡನೆ ಹೊರಗಿನವರ ಕಣ್ಣ ಮುಂದೆ ನಿಲ್ಲುವುದು ಅಡಿಕೆ ತೋಟ, ಕಾಳುಮೆಣಸಿನ ಬಳ್ಳಿ ಮತ್ತು ಹಂಚಿನ ದೊಡ್ಡ ಮನೆ. 'ಅಡಿಕೆ ಸೀಮೆಯವರು ಅನುಕೂಲಸ್ಥರು' ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಇಲ್ಲಿನ ಸಾಧಾರಣ ಕುಟುಂಬದ ಆದಾಯ ಕಾಲದಿಂದ ಕಾಲಕ್ಕೆ ಎಷ್ಟಿತ್ತೆಂದು ತಿಳಿಯುವ ದಾರಿ ಯಾವುದು?

ಐದು ಮನೆಗಳ ಒಂದು ಕೇರಿಯನ್ನು ಊಹಿಸಿಕೊಳ್ಳೋಣ. ನಾಲ್ಕು ಮನೆಗಳ ವಾರ್ಷಿಕ ಆದಾಯ 40, 50, 60 ಸಾವಿರ ಮತ್ತು 1 ಲಕ್ಷ ರೂಪಾಯಿ. ಐದನೆಯದು ತೋಟದ ಒಡೆಯರ ಮನೆ. ಆದಾಯ ಏಳೂವರೆ ಲಕ್ಷ. ಸರಾಸರಿ ತೆಗೆದರೆ ಮನೆಗೆ 2 ಲಕ್ಷವಾಗುತ್ತದೆ. ಆದರೆ ನಾಲ್ಕು ಮನೆಗಳು ಆ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ. ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಮನೆಯದು 60 ಸಾವಿರ. ಸಂಖ್ಯಾಶಾಸ್ತ್ರಜ್ಞರು ಇದನ್ನೇ ಮಧ್ಯಾಂಕ ಎನ್ನುತ್ತಾರೆ. ಸಾಧಾರಣ ಸಂಸಾರದ ಸ್ಥಿತಿಯನ್ನು ಹೇಳುವುದು ಈ ಅಂಕಿಯೇ.

ಭಾರತೀಯರ ಆದಾಯವನ್ನು ಮೊದಲು ಲೆಕ್ಕ ಹಾಕಿದವರಲ್ಲಿ ದಾದಾಭಾಯಿ ನವರೋಜಿ ಪ್ರಮುಖರು. ಬೆಳೆಯ ಮೌಲ್ಯವನ್ನು ಜನಸಂಖ್ಯೆಯಿಂದ ಭಾಗಿಸಿ, 1867–68ರಲ್ಲಿ ತಲೆಗೆ ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ಅವರು ತೋರಿಸಿದರು. ಅದು ದೇಶದ ಬಡತನವನ್ನು ಸಾರಿದ ಲೆಕ್ಕ. ಆದರೂ ಅದು ಸರಾಸರಿಯೇ. ನಡುವಿನ ಮನೆ ಅದರಲ್ಲಿ ಕಾಣಿಸದು.

ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ದಾಖಲೆಗಳ ಕೊರತೆಯೇನೂ ಇಲ್ಲ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ತೋಟಗಾರಿಕೆಯ ವಿವರ ಬರೆದಿಟ್ಟ. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಭೂಮಾಪನ ನಡೆದು ಕಂದಾಯ ನಿಗದಿಯಾಯಿತು. 1883ರ ಕೆನರಾ ಗೆಜೆಟಿಯರ್‌ನಲ್ಲಿ ಕೂಲಿ, ಬಡ್ಡಿ, ಬೆಲೆಗಳ ವಿವರ ಸಿಗುತ್ತದೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. ಆದರೆ ಕಂದಾಯದ ಪುಸ್ತಕದಲ್ಲಿರುವುದು ಭೂಮಿ ಉಳ್ಳವರ ಹೆಸರು. ಮಾರಾಟದ ಪುಸ್ತಕದಲ್ಲಿರುವುದು ಅಡಿಕೆ ತಂದವರ ಹೆಸರು. ಕೊನೆ ಕೊಯ್ದವರು, ಅಡಿಕೆ ಸುಲಿದವರು, ಗೇಣಿಗೆ ಗದ್ದೆ ಮಾಡಿದವರು ಎರಡರಲ್ಲೂ ಅಪರೂಪ. 1886ರ ಕಾಯಿದೆಯಿಂದ ಕೃಷಿ ಆದಾಯ ಆದಾಯ ತೆರಿಗೆಯ ಹೊರಗುಳಿದ ಕಾರಣ ಆ ಕಡೆಯ ಸಾಕ್ಷ್ಯವೂ ಇಲ್ಲ. ಜನಗಣತಿಯವರು ಕಸುಬನ್ನು ಕೇಳುತ್ತಾರೆ, ಗಳಿಕೆಯನ್ನು ಕೇಳುವುದಿಲ್ಲ.

ಹಾಗಾದರೆ ಅಂದಾಜು ಮಾಡುವುದು ಹೇಗೆ? ಮೊದಲು ಜನಗಣತಿಯ ಕಸುಬಿನ ಅಂಕಿಗಳಿಂದ ತೋಟಿಗರು, ಗೇಣಿದಾರರು, ಕೂಲಿಕಾರರು, ಕುಶಲಕರ್ಮಿಗಳು ಎಂದು ಮನೆಗಳನ್ನು ವಿಂಗಡಿಸಬೇಕು. ಆ ಅಂಕಿಗಳು ವ್ಯಕ್ತಿಗಳವು, ಕುಟುಂಬಗಳವಲ್ಲ ಎಂಬ ಎಚ್ಚರ ಅಗತ್ಯ. ನಂತರ ಒಂದೊಂದು ವರ್ಗದ ಗಳಿಕೆಯನ್ನು ಕಟ್ಟಬೇಕು: ತೋಟಕ್ಕೆ ಫಸಲು ಮತ್ತು ಬೆಲೆ, ಕೂಲಿಗೆ ದಿನಗೂಲಿ ಮತ್ತು ಕೆಲಸ ಸಿಕ್ಕ ದಿನಗಳು. ಕೂಲಿಯ ಬಾಬ್ತು ಬಂದ ಭತ್ತ, ಕಾಡಿನಿಂದ ತಂದ ಜೇನು, ಉಪ್ಪಾಗೆ, ಸೌದೆ ಇವೂ ಲೆಕ್ಕಕ್ಕೆ ಸೇರಬೇಕು. ಆಮೇಲೆ ಸಾಲು ನಿಲ್ಲಿಸಿ ನಡುವಿನ ಮನೆಯನ್ನು ಗುರುತಿಸಬೇಕು. ಕೊನೆಯದಾಗಿ, ಆ ಹಣಕ್ಕೆ ಆ ಕಾಲದಲ್ಲಿ ಎಷ್ಟು ಅಕ್ಕಿ ಬರುತ್ತಿತ್ತೆಂದು ನೋಡಬೇಕು. ರೂಪಾಯಿಯನ್ನು ರೂಪಾಯಿಗೆ ಹೋಲಿಸಿದರೆ ಕಾಲದ ಅಂತರ ತಿಳಿಯದು.

ಇದು ಬರೀ ಪಂಡಿತರ ಲೆಕ್ಕವಲ್ಲ. 1930ರ ದಶಕದ ಆರಂಭದಲ್ಲಿ ಜಗತ್ತಿನಾದ್ಯಂತ ಕೃಷಿ ಉತ್ಪನ್ನಗಳ ಬೆಲೆ ಕುಸಿದಾಗಲೂ ರೂಪಾಯಿಯಲ್ಲಿ ಗೊತ್ತುಮಾಡಿದ ಕಂದಾಯ ತಾನಾಗಿ ಇಳಿಯಲಿಲ್ಲ. ಸಿದ್ದಾಪುರ ಮತ್ತು ಅಂಕೋಲಾ ತಾಲ್ಲೂಕುಗಳ ರೈತರು ಕರನಿರಾಕರಣೆಗೆ ಇಳಿದರು; ಭೂಮಿ ಜಪ್ತಿಯಾಯಿತು, ಜನ ಸೆರೆಮನೆ ಸೇರಿದರು. ಸ್ವಾತಂತ್ರ್ಯದ ಹಂಬಲ ಅದರ ಜೀವಾಳವಾಗಿದ್ದರೂ, ಹುಟ್ಟುವಳಿಗೂ ಕಂದಾಯಕ್ಕೂ ಹೊಂದಾಣಿಕೆ ತಪ್ಪಿದ್ದುದು ಅದಕ್ಕೆ ಬಲ ಕೊಟ್ಟಿತು. ಗೇಣಿದಾರನ ಆದಾಯದಲ್ಲಿ ದೊಡ್ಡ ತಿರುವು ಬಂದದ್ದು 1974ರ ಭೂಸುಧಾರಣೆಯಿಂದ. ಒಡೆಯನಿಗೆ ಸಲ್ಲುತ್ತಿದ್ದ ಪಾಲು ಅವನ ಮನೆಯಲ್ಲೇ ಉಳಿಯಿತು. ತಾಲ್ಲೂಕಿನ ಒಟ್ಟು ಬೆಳೆ ಒಂದು ಸೇರೂ ಹೆಚ್ಚದಿದ್ದರೂ, ಅಂದರೆ ಸರಾಸರಿ ಅಲುಗದಿದ್ದರೂ, ಮಧ್ಯಾಂಕ ಏರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈಚಿನ ಸಮೀಕ್ಷೆಗಳೂ ಈ ಕೊರತೆಯನ್ನು ಪೂರ್ತಿ ನೀಗಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬದ ತಿಂಗಳ ಆದಾಯ 2012–13ರಲ್ಲಿ 6,426 ರೂಪಾಯಿ, 2018–19ರಲ್ಲಿ 10,218 ರೂಪಾಯಿ. ಎರಡೂ ಸರಾಸರಿಗಳೇ. 2011ರ ಸಾಮಾಜಿಕ-ಆರ್ಥಿಕ ಗಣತಿ ಇನ್ನೊಂದು ಬಗೆಯಲ್ಲಿ ಕೇಳಿತು. ದೇಶದ ಗ್ರಾಮೀಣ ಕುಟುಂಬಗಳ ಮುಕ್ಕಾಲು ಪಾಲಿನಲ್ಲಿ ಅತಿ ಹೆಚ್ಚು ದುಡಿಯುವವರ ಗಳಿಕೆಯೇ ತಿಂಗಳಿಗೆ 5,000 ರೂಪಾಯಿಯೊಳಗಿತ್ತು. ಸಾಲಿನ ನಡುವಿನ ಮನೆಯೂ ಆ ಗುಂಪಿನಲ್ಲೇ ಇತ್ತೆಂದು ಇದರಿಂದ ತಿಳಿಯುತ್ತದೆ.

ಅಡಿಕೆಗೆ ಬೆಲೆ ಬಂದ ವರ್ಷ ಸೀಮೆಯೇ ಶ್ರೀಮಂತವೆಂದೂ, ಬೆಲೆ ಬಿದ್ದ ವರ್ಷ ಸೀಮೆಯೇ ಮುಳುಗಿತೆಂದೂ ಹೇಳುವುದು ಸುಲಭ. ತೋಟವಿಲ್ಲದವರ ಏರಿಳಿತ ಅದೇ ತಾಳಕ್ಕೆ ನಡೆಯುವುದಿಲ್ಲ. ತೆರಿಗೆಯಾಗಲಿ, ಸಾಲವಾಗಲಿ, ಪಡಿತರದ ಚೀಟಿಯಾಗಲಿ, ಯಾರಿಗೆ ಎಷ್ಟು ಎಂದು ನಿರ್ಧರಿಸುವವರು ಅಡಿಕೆಯ ಧಾರಣೆಯ ಜೊತೆಗೆ ಅಡಿಕೆ ಸುಲಿದವರ ಕೂಲಿಯನ್ನೂ ಕೇಳಿ ತಿಳಿಯುವುದು ಒಳಿತು.