ಇಪ್ಪತ್ತೈದು ಮನೆಗಳ ನೆನಪು

ಮಗಳು ಹತ್ತನೇ ತರಗತಿ. ನೋಯ್ಡಾದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಅವಳ ಇತಿಹಾಸದ ಪುಸ್ತಕ, ಹಾಳೆ ತುಂಬ ಹಳದಿ, ಗುಲಾಬಿ ಗೆರೆ. ನಾಲ್ಕು ಸಲ ಓದಿದ ಪಾಠವನ್ನು ಪುಸ್ತಕ ಮುಚ್ಚಿ ಹೇಳು ಅಂದರೆ, “ಅಪ್ಪಾ, ಓದುವಾಗ ಎಲ್ಲಾ ಗೊತ್ತಿತ್ತು” ಅಂತಾಳೆ. ಬೈಯುವ ಹಕ್ಕು ನನಗಿಲ್ಲ. ಎಂ.ಟೆಕ್.ನಲ್ಲಿ ಓದಿದ್ದು ಎಷ್ಟು ಉಳಿದಿದೆ ಎಂದು ನನ್ನನ್ನು ಯಾರೂ ಕೇಳದಿರುವುದೇ ಪುಣ್ಯ. ಆ ರಾತ್ರಿ ಅವಳಿಗೆ ಅಷ್ಟಾವಧಾನದ ಕತೆ ಹೇಳಿದೆ.

ಕಾಗದ, ಪೆನ್ನು ಇಲ್ಲದೆ ಕೂತ ಅವಧಾನಿ. ಎದುರಿಗೆ ಎಂಟು ಜನ ಪೃಚ್ಛಕರು. ಒಬ್ಬರು ಸಮಸ್ಯೆಯ ಸಾಲು ಕೊಟ್ಟು ಪದ್ಯ ಪೂರ್ತಿ ಮಾಡಿ ಎನ್ನುತ್ತಾರೆ. ಇನ್ನೊಬ್ಬರು ಹೆಜ್ಜೆಹೆಜ್ಜೆಗೂ ‘ಈ ಅಕ್ಷರ ಬೇಡ’ ಎಂದು ತಡೆಯುತ್ತಾರೆ. ಅಪ್ರಸ್ತುತ ಪ್ರಸಂಗದವರಂತೂ ನಡುನಡುವೆ ತಲೆಹರಟೆ ಮಾಡಲೆಂದೇ ಕೂತವರು. ಪದ್ಯ ಸುತ್ತಿಗೊಂದು ಸಾಲಿನಂತೆ ಬೆಳೆಯುತ್ತದೆ. ಕೊನೆಗೆ ಧಾರಣ: ಎಲ್ಲ ಪದ್ಯಗಳನ್ನೂ ಪೂರ್ತಿಯಾಗಿ ಒಪ್ಪಿಸಬೇಕು.

ಮರೆಯಾಗುತ್ತಿದ್ದ ಈ ಕಲೆಯನ್ನು ಕನ್ನಡದಲ್ಲಿ 1930ರ ದಶಕದಲ್ಲಿ ಮತ್ತೆ ವೇದಿಕೆಗೆ ತಂದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ (1934) ಬರೆದವರೂ ಅವರೇ. ಅವರ ನಂತರ ಮತ್ತೆ ಮಂಕಾದ ಕಲೆಗೆ 1980ರ ದಶಕದಿಂದ ಜೀವ ತುಂಬಿದವರು ಆರ್. ಗಣೇಶ್, ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವರು. 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು.

ಇದನ್ನು ದೇವರು ಕೊಟ್ಟ ವರ ಎಂದು ಕೈಮುಗಿದು ಸುಮ್ಮನಾಗಬಹುದು. ನನಗೆ ಕಾಣುವುದು ಅದರೊಳಗಿನ ಏರ್ಪಾಡು. ಸಂಖ್ಯಾಬಂಧವನ್ನೇ ನೋಡಿ: ಐದು ಸಾಲು, ಐದು ಕಂಬ, ಇಪ್ಪತ್ತೈದು ಮನೆ. ಪೃಚ್ಛಕರು ಮನಸ್ಸು ಬಂದಾಗ ಯಾವುದೋ ಮನೆ ಕೇಳುತ್ತಾರೆ; ಕೊನೆಗೆ ಅಡ್ಡ, ಉದ್ದ ಎಲ್ಲ ಮೊತ್ತವೂ ಒಂದೇ ಆಗಬೇಕು. 1ರಿಂದ 25ರವರೆಗಿನ ಅಂಕಿಗಳನ್ನು ಸರಿಯಾಗಿ ಕೂರಿಸಿದರೆ ಮೊತ್ತ 65. ನೂರು ಬೇಕೆಂದರೆ ಪ್ರತಿ ಮನೆಗೂ 7 ಕೂಡಿಸಿದರಾಯಿತು. ಚೌಕ ತಲೆಯಲ್ಲಿದ್ದರೆ ಇಪ್ಪತ್ತೈದು ಅಂಕಿಗಳ ಭಾರವಿಲ್ಲ.

ಪದ್ಯಕ್ಕೂ ಇಂಥದೇ ಚೌಕಟ್ಟು. ಕಂದವಾದರೆ 12, 20, 12, 20 ಮಾತ್ರೆಗಳ ನಾಲ್ಕು ಸಾಲು. ಆದಿಪ್ರಾಸದಿಂದ ಪ್ರತಿ ಸಾಲಿನ ಎರಡನೇ ಅಕ್ಷರವೂ ಮೊದಲೇ ಗೊತ್ತು. ಕುಸಿದ ಮನೆಯಲ್ಲಿ ಯಾರು ಎಲ್ಲಿ ಕೂತಿದ್ದರೆಂಬ ನೆನಪಿನಿಂದಲೇ ಸತ್ತವರನ್ನು ಗುರುತಿಸಿದ ಗ್ರೀಕ್ ಕವಿ ಸಿಮೊನಿಡಿಸ್‌ನ ಕತೆಯನ್ನು ಸಿಸಿರೊ ಹೇಳಿದ್ದಾನೆ. ಜಾಗ ಉಳಿದರೆ ವಿಷಯವೂ ಉಳಿಯುತ್ತದೆ ಎಂಬುದೇ ಅದರ ತಿರುಳು.

ಆದರೆ ಜಾಗವೊಂದೇ ಸಾಲದು. ಅವಧಾನಿ ಪ್ರತಿ ಸುತ್ತಿನಲ್ಲೂ ಹಿಂದಿನ ಸಾಲನ್ನು ತಾನೇ ಹುಡುಕಿ ತೆಗೆಯಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅಮೆರಿಕದ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಮುಂದಿದ್ದವರು ಮತ್ತೆ ಮತ್ತೆ ಓದಿದವರು. ವಾರದ ನಂತರ ಮುಂದಿದ್ದವರು ನೋಡದೆ ಬರೆದವರು. ಮಗಳ “ಗೊತ್ತಿತ್ತು” ಆ ಐದು ನಿಮಿಷದ್ದು.

ಮರುದಿನ ಅವಳು ಖಾಲಿ ಹಾಳೆಯಲ್ಲಿ ಮನೆಗಳನ್ನು ಗೀಚಿ, ಪಾಠವನ್ನು ನೋಡದೆ ತುಂಬಿದಳು. ಒಂಬತ್ತು ಮನೆ ಖಾಲಿ ಉಳಿದವು. “ಇವಿಷ್ಟೇ ಓದಿದರೆ ಸಾಕು ಅಲ್ವಾ?” ಅಂದಳು. ಈಗ ಇನ್ನೊಂದು ಹಾಳೆ ನನ್ನ ಮುಂದಿದೆ. ಮೇಲೆ ಅವಳ ಕೈಬರಹ: ‘ಅಪ್ಪನ ಎಂ.ಟೆಕ್.’