ಕೃಷಿ ಹೊಂಡದಲ್ಲಿ ಮೀನು ಸಾಕಣೆ

ಕೃಷಿ ಹೊಂಡದಲ್ಲಿ ಮೀನು ಸಾಕಣೆ ಎಂಬುದು ಮಳೆನೀರನ್ನು ಹಿಡಿದಿಡಲು ಹೊಲದಲ್ಲಿ ತೋಡಿದ ಹೊಂಡವನ್ನು ಬೆಳೆಯ ನೀರಾವರಿಯ ಜೊತೆಗೆ ಮೀನು ಬೆಳೆಸಲೂ ಬಳಸುವ ಪದ್ಧತಿಯಾಗಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಂತಹ ಮಳೆಯಾಶ್ರಿತ ಪ್ರದೇಶಗಳಲ್ಲಿ ಹೊಂಡದ ನೀರು ವರ್ಷವಿಡೀ ನಿಲ್ಲುವುದು ಅಪರೂಪ. ಇದ್ದ ನೀರಿನ ಮೇಲೆ ಮೊದಲ ಹಕ್ಕು ಬೆಳೆಯದು. ಆದ್ದರಿಂದ ಮೀನುಮರಿಗಳ ಸಂಖ್ಯೆಯನ್ನು ತುಂಬಿದ ಹೊಂಡದ ಅಳತೆಯಿಂದಲ್ಲ, ಬೆಳೆಗೆ ಹರಿಸಿದ ನಂತರ ಉಳಿಯುವ ನೀರಿನ ಅಳತೆಯಿಂದ ನಿರ್ಧರಿಸಬೇಕಾಗುತ್ತದೆ.

ಹಿನ್ನೆಲೆ

ಭೀಮಾ ನದಿಯು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಹರಿಯುತ್ತದೆ. ಆಳಂದ ತಾಲ್ಲೂಕಿನ ಕೊರಳ್ಳಿಯ ಬಳಿ ಅಮರ್ಜಾ ಅಣೆಕಟ್ಟು ಇದೆ. ಆದರೂ ಈ ಭಾಗದ ಬಹುಪಾಲು ಬೇಸಾಯ ಮಳೆಯನ್ನೇ ನಂಬಿದೆ. ಕರ್ನಾಟಕ ಸರ್ಕಾರವು 2014-15ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯು ಒಣಭೂಮಿಯ ರೈತರಿಗೆ ಹೊಂಡ ತೋಡಲು ಸಹಾಯಧನ ನೀಡಿತು. ಇಂತಹ ಹೊಂಡಗಳ ಮೂಲ ಉದ್ದೇಶ ಮಳೆ ಕೈಕೊಟ್ಟಾಗ ಬೆಳೆಗೆ ರಕ್ಷಣಾತ್ಮಕ ನೀರಾವರಿ ಒದಗಿಸುವುದು. ಮೀನು ಅದರ ಉಪ ಆದಾಯ.

ಮಣ್ಣು ಮತ್ತು ಹೊಂಡದ ಸಿದ್ಧತೆ

ಆಳವಾದ ಕಪ್ಪು ಎರೆಮಣ್ಣು ನೆನೆದಾಗ ಉಬ್ಬಿ ನೀರು ಇಂಗುವುದನ್ನು ತಡೆಯುತ್ತದೆ. ಎರೆಪದರ ತೆಳುವಾಗಿದ್ದು ಕೆಳಗೆ ಗರಸು ಕಾಣಿಸಿಕೊಂಡಲ್ಲಿ ಪ್ಲಾಸ್ಟಿಕ್ ಹೊದಿಕೆ ಬೇಕಾಗುತ್ತದೆ. ಹೊದಿಕೆಯ ಹೊಂಡದಲ್ಲಿ ನೀರಿಗೆ ಮಣ್ಣಿನ ಸಂಪರ್ಕವಿಲ್ಲದೆ ಮೀನಿನ ಸಹಜ ಆಹಾರವಾದ ಸೂಕ್ಷ್ಮಜೀವಿಗಳು ಕಡಿಮೆಯಾಗುವುದರಿಂದ ತಳಕ್ಕೆ ತೆಳುವಾಗಿ ಮಣ್ಣು ಹರಡಲಾಗುತ್ತದೆ. ಮರಿ ಬಿಡುವ ಮೊದಲು ಸುಣ್ಣ ಹಾಗೂ ಕೊಳೆತ ಸಗಣಿ ಗೊಬ್ಬರವನ್ನು ಹಾಕುತ್ತಾರೆ. ನೀರು ತಿಳಿ ಹಸಿರು ಬಣ್ಣಕ್ಕೆ ತಿರುಗಿದರೆ ಸಹಜ ಆಹಾರ ಬೆಳೆದಿದೆಯೆಂದು ಅರ್ಥ. ಕೊರವ ಮುಂತಾದ ಮಾಂಸಾಹಾರಿ ಮೀನುಗಳಿದ್ದರೆ ಮೊದಲೇ ಹಿಡಿದು ತೆಗೆಯಬೇಕು.

ತಳಿಗಳು

ಕಾಟ್ಲಾ ಮೇಲ್ಪದರದಲ್ಲಿಯೂ ರೋಹು ನಡುವಿನ ಪದರದಲ್ಲಿಯೂ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿಯೂ ಆಹಾರ ಹುಡುಕುತ್ತವೆ. ಇವುಗಳನ್ನು ಒಟ್ಟಿಗೆ ಬೆಳೆಸುವುದಕ್ಕೆ ಮಿಶ್ರ ಮೀನು ಸಾಕಣೆ ಎನ್ನುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಭಾರತದಲ್ಲಿ 1957ರಲ್ಲಿ ಹೀರಾಲಾಲ್ ಚೌಧರಿ ಅವರು ಹಾರ್ಮೋನು ಚುಚ್ಚುಮದ್ದಿನಿಂದ ಈ ಮೀನುಗಳ ಪ್ರೇರಿತ ಸಂತಾನೋತ್ಪತ್ತಿಯನ್ನು ಸಾಧಿಸಿದ ಬಳಿಕ ನದಿಮರಿಗಳ ಮೇಲಿನ ಅವಲಂಬನೆ ತಗ್ಗಿತು. ಆ ಸಾಧನೆಯ ನೆನಪಿಗೆ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದೆ.

ಮರಿಗಳ ಲೆಕ್ಕ

ಸಾಮಾನ್ಯವಾಗಿ ಹೆಕ್ಟೇರಿಗೆ ಸುಮಾರು 5,000 ಬಲಿತ ಮರಿಗಳನ್ನು ಬಿಡಲಾಗುತ್ತದೆ. ಮೇಲ್ಭಾಗ 21×21 ಮೀಟರ್, ಆಳ 3 ಮೀಟರ್, ಬದಿಯ ಇಳಿಜಾರು 1:1 ಇರುವ ಹೊಂಡವು ತುಂಬಿದಾಗ ಸುಮಾರು 980 ಘನ ಮೀಟರ್ ನೀರು ಹಿಡಿಯುತ್ತದೆ. ಅದರ ವಿಸ್ತೀರ್ಣಕ್ಕೆ 220 ಮರಿಗಳಾಗುತ್ತವೆ. ನೀರು ಒಂದೂವರೆ ಮೀಟರಿಗೆ ಇಳಿದಾಗ ಮೇಲ್ಮೈ 18×18 ಮೀಟರಿಗೆ ಕುಗ್ಗಿ ಸುಮಾರು 410 ಘನ ಮೀಟರ್ ಮಾತ್ರ ಉಳಿಯುತ್ತದೆ. ಆಳ ಅರ್ಧವಾದರೂ ನೀರು ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಈ ಮೇಲ್ಮೈಗೆ ಸುಮಾರು 160 ಮರಿಗಳು ಸಾಕು: 64 ಕಾಟ್ಲಾ, 48 ರೋಹು, 48 ಸಾಮಾನ್ಯ ಗೆಂಡೆ. ನೀರು ನಿಲ್ಲುವ ಅವಧಿ ಚಿಕ್ಕದಾದಷ್ಟೂ ದೊಡ್ಡ ಗಾತ್ರದ ಮರಿಗಳನ್ನು ಆರಿಸುವುದು ಲೇಸು. ಮರಿ ತಂದ ಚೀಲವನ್ನು 15ರಿಂದ 30 ನಿಮಿಷ ಹೊಂಡದಲ್ಲಿ ತೇಲಿಬಿಟ್ಟು, ಒಳಗಿನ ಹಾಗೂ ಹೊರಗಿನ ನೀರಿನ ಉಷ್ಣತೆ ಸಮನಾದ ಮೇಲೆ ಮರಿಗಳನ್ನು ಬಿಡಬೇಕು.

ಆಹಾರ ಮತ್ತು ಪಾಲನೆ

ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಪಾಲಿನಲ್ಲಿ ಬೆರೆಸಿ, ಮೀನುಗಳ ಒಟ್ಟು ತೂಕದ ಶೇ. 2ರಿಂದ 3ರಷ್ಟನ್ನು ಪ್ರತಿದಿನ ನೀಡಲಾಗುತ್ತದೆ. ತಲಾ 200 ಗ್ರಾಂ ತೂಗುವ 150 ಮೀನುಗಳಿಗೆ ದಿನಕ್ಕೆ 600ರಿಂದ 900 ಗ್ರಾಂ ಬೇಕು. ತಿಂಗಳಿಗೊಮ್ಮೆ ಬಲೆ ಹಾಕಿ ಕೆಲವು ಮೀನುಗಳನ್ನು ತೂಗಿ ಈ ಪ್ರಮಾಣವನ್ನು ಬದಲಿಸುತ್ತಾರೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಾಡುವುದು ಆಮ್ಲಜನಕದ ಕೊರತೆಯ ಲಕ್ಷಣ. ಆಗ ಆಹಾರ ಮತ್ತು ಗೊಬ್ಬರವನ್ನು ನಿಲ್ಲಿಸಿ, ಪಂಪ್‌ಸೆಟ್ಟಿನಿಂದ ಹೊಂಡದ ನೀರನ್ನೇ ಎತ್ತರದಿಂದ ಮರಳಿ ಚಿಮ್ಮಿಸಬೇಕು.

ಅಪಾಯಗಳು

ತೊಗರಿ ಈ ಭಾಗದ ಮುಖ್ಯ ಬೆಳೆ. ಅದರ ಕಾಯಿಕೊರಕದ ನಿಯಂತ್ರಣಕ್ಕೆ ಸಿಂಪಡಿಸುವ ಅನೇಕ ಕೀಟನಾಶಕಗಳು ಮೀನಿಗೆ ಮಾರಕ. ಸಿಂಪರಣಾ ಯಂತ್ರವನ್ನು ಹೊಂಡದಲ್ಲಿ ತೊಳೆಯಬಾರದು; ಔಷಧಿ ಹೊಡೆದ ಹೊಲದ ನೀರು ಹೊಂಡಕ್ಕೆ ಹರಿಯದಂತೆ ಬದು ಕಟ್ಟಬೇಕು. ಹೊದಿಕೆ ಹಾಕಿದ ಬದಿಗಳು ಜಾರುವುದರಿಂದ ಬಿದ್ದವರು, ಅದರಲ್ಲೂ ಮಕ್ಕಳು, ಹತ್ತಿ ಬರುವುದು ಕಷ್ಟ. ಸುತ್ತಲೂ ತಂತಿಬೇಲಿ ಮತ್ತು ಒಳಗೆ ಇಳಿಬಿಟ್ಟ ಗಂಟುಹಗ್ಗ ಅಗತ್ಯ.

ಮೀನು ಹಿಡಿಯುವಿಕೆ

ತೊಗರಿಯು ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ನಿಂತಿದ್ದರೆ ಹೊಂಡದ ನೀರು ಹೊಲಕ್ಕೆ ಹೋಗುತ್ತದೆ. ಆ ಮೊದಲೇ ದೊಡ್ಡ ಮೀನುಗಳನ್ನು ಹಿಡಿದು ಮಾರಿದರೆ ಉಳಿದವುಗಳಿಗೆ ಜಾಗ ಸಿಗುತ್ತದೆ. ನೀರು ಒಂದು ಮೀಟರಿಗಿಂತ ಕೆಳಗಿಳಿಯುವ ಮೊದಲು ಎಲ್ಲವನ್ನೂ ಹಿಡಿಯುವುದು ಕ್ಷೇಮ. ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಳಿದ ನೀರು ಕಾದು ಮೀನುಗಳು ಸಾಯುವ ಸಂಭವವಿರುತ್ತದೆ. ಹೊಂಡ ಬತ್ತಿದ ಮೇಲೆ ತಳದಲ್ಲಿ ಉಳಿದ ಹೂಳನ್ನು ಹೊಲಕ್ಕೆ ಗೊಬ್ಬರವಾಗಿ ಹರಡುತ್ತಾರೆ.