ಸಂಬಳದ ಮಿತಿ: ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಅಮೆರಿಕದ ಫುಟ್‌ಬಾಲ್ ತಂಡಗಳ ಲೆಕ್ಕ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಶಾಲಾ ಮೈದಾನಗಳಲ್ಲಿ ಮಕ್ಕಳು ಆಡುವ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟವದು. ಅದರ ವೃತ್ತಿಪರ ಸಂಘಟನೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಪಂದ್ಯಗಳು ಸೆಪ್ಟೆಂಬರಿನಲ್ಲಿ ಆರಂಭವಾಗಿ ಫೆಬ್ರವರಿಯ ಸೂಪರ್ ಬೌಲ್‌ನೊಂದಿಗೆ ಮುಗಿಯುತ್ತವೆ. ಉಳಿದ ತಿಂಗಳುಗಳಲ್ಲಿ ಮೈದಾನ ಬರಿದಾಗಿರುತ್ತದೆ. ತಂಡದ ಲೆಕ್ಕ ನೋಡುವವರಿಗೆ ಮಾತ್ರ ಅದೇ ಸುಗ್ಗಿಯ ಕಾಲ. ಅವರ ಕೆಲಸದ ಕೇಂದ್ರದಲ್ಲಿರುವುದು ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಸಂಬಳದ ಒಟ್ಟು ಮೊತ್ತಕ್ಕೆ ಲೀಗು ವಿಧಿಸಿರುವ ಮಿತಿ.

ಐಪಿಎಲ್ ಹರಾಜನ್ನು ನೋಡಿದವರಿಗೆ ಇಂಥ ಮಿತಿ ಹೊಸದಲ್ಲ. 2025ರ ಆವೃತ್ತಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಯ ಮಿತಿಯಿತ್ತು. ಅಲ್ಲಿ ಆಟಗಾರನ ಬೆಲೆ ಆಯಾ ವರ್ಷದ ಲೆಕ್ಕಕ್ಕೇ ಸೇರುತ್ತದೆ. ಅಮೆರಿಕದ ಲೀಗಿನಲ್ಲಿ ಹಾಗಲ್ಲ. ಅಲ್ಲಿ ಆಟಗಾರನಿಗೆ ಹಣ ಕೊಡುವ ದಿನವೇ ಬೇರೆ, ಆ ಹಣ ಲೆಕ್ಕಕ್ಕೆ ಬರುವ ವರ್ಷವೇ ಬೇರೆ. ಈ ಒಂದು ವ್ಯತ್ಯಾಸವನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಎಂಟನೆಯ ತರಗತಿಯ ಕೂಡು-ಕಳೆಯುವ ಲೆಕ್ಕ.

ಮಿತಿಯು 1994ರಲ್ಲಿ ಜಾರಿಗೆ ಬಂದಾಗ ತಂಡವೊಂದಕ್ಕೆ 3.46 ಕೋಟಿ ಡಾಲರ್ ಇತ್ತು. 2025ರಲ್ಲಿ ಅದು 27.92 ಕೋಟಿ ಡಾಲರಿಗೆ ಏರಿತು. ಲೀಗಿನ ಆದಾಯದಲ್ಲಿ ಆಟಗಾರರಿಗೆ ಸಲ್ಲಬೇಕಾದ ಪಾಲನ್ನು ಆಟಗಾರರ ಸಂಘವೂ ಮಾಲೀಕರೂ ಒಪ್ಪಂದದಲ್ಲಿ ನಿಗದಿಪಡಿಸಿಕೊಂಡಿದ್ದು, ಮಿತಿ ಹುಟ್ಟುವುದು ಅದರಿಂದಲೇ. ಮಾರ್ಚ್ ಮಧ್ಯಭಾಗದಲ್ಲಿ ಲೀಗಿನ ಹೊಸ ವರ್ಷ ಆರಂಭವಾಗುತ್ತದೆ. ಆ ಗಳಿಗೆಗೆ ಪ್ರತಿಯೊಂದು ತಂಡವೂ ಮಿತಿಯೊಳಗಿರಲೇಬೇಕು. ದಂಡ ತೆತ್ತು ಮಿತಿ ಮೀರುವ ಅವಕಾಶ ಇಲ್ಲಿಲ್ಲ. ಹಿಂದಿನ ವರ್ಷ ಬಳಸದೆ ಉಳಿಸಿದ ಮೊತ್ತವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು.

ಮಿತಿಯೊಳಗೆ ಬರುವ ಮುಖ್ಯ ಉಪಾಯ ಬೋನಸ್. ಸಂಬಳವು ಆಯಾ ವರ್ಷದ ಲೆಕ್ಕಕ್ಕೆ ಪೂರ್ತಿಯಾಗಿ ಸೇರುತ್ತದೆ. ಸಹಿ ಹಾಕುವಾಗ ಕೊಡುವ ಬೋನಸನ್ನು ಮಾತ್ರ ಒಪ್ಪಂದದ ಅವಧಿಗೆ, ಹೆಚ್ಚೆಂದರೆ 5 ವರ್ಷಗಳಿಗೆ, ಸಮನಾಗಿ ಹಂಚಿ ಬರೆಯಲಾಗುತ್ತದೆ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಪ್ಪಂದದಲ್ಲಿ ಇನ್ನೂ 5 ವರ್ಷಗಳಿರುವ ಆಟಗಾರನೊಬ್ಬನ ಈ ವರ್ಷದ ಸಂಬಳ 1.65 ಕೋಟಿ ಡಾಲರ್ ಎನ್ನಿ. ತಂಡವು ಸಂಬಳವನ್ನು 15 ಲಕ್ಷಕ್ಕೆ ಇಳಿಸಿ, ಉಳಿದ 1.5 ಕೋಟಿಯನ್ನು ಬೋನಸ್ ಎಂದು ಒಡನೆಯೇ ಕೈಗಿಡುತ್ತದೆ. ಆಟಗಾರನಿಗೆ ಒಂದು ಡಾಲರೂ ನಷ್ಟವಿಲ್ಲ. ಲೆಕ್ಕದಲ್ಲಿ ಮಾತ್ರ ಈ ವರ್ಷಕ್ಕೆ ಬರುವುದು 15 ಲಕ್ಷ ಸಂಬಳ ಮತ್ತು ಬೋನಸಿನ ಐದನೆಯ ಒಂದು ಭಾಗ 30 ಲಕ್ಷ, ಒಟ್ಟು 45 ಲಕ್ಷ. ತಂಡಕ್ಕೆ 1.2 ಕೋಟಿ ಡಾಲರಿನ ಜಾಗ ದೊರೆಯಿತು. ಆದರೆ ಅದೇ 1.2 ಕೋಟಿ, ವರ್ಷಕ್ಕೆ 30 ಲಕ್ಷದಂತೆ, ಮುಂದಿನ 4 ವರ್ಷ ಕಾದು ಕುಳಿತಿರುತ್ತದೆ. ಎರಡು ವರ್ಷಗಳ ತರುವಾಯ ಆತನನ್ನು ಕೈಬಿಟ್ಟರೆ, ಬಾಕಿಯಿರುವ 90 ಲಕ್ಷ ಒಟ್ಟಿಗೆ ಬಂದು ಬೀಳುತ್ತದೆ. ತಂಡದಲ್ಲಿಲ್ಲದ ಆಟಗಾರನ ಹೆಸರಿನಲ್ಲಿ ಉಳಿಯುವ ಈ ಮೊತ್ತವನ್ನು ಅಲ್ಲಿಯವರು ಡೆಡ್ ಮನಿ ಎನ್ನುತ್ತಾರೆ.

ಇಲ್ಲಿ ದಿನಾಂಕಕ್ಕೂ ಬೆಲೆಯಿದೆ. ಜೂನ್ 1ಕ್ಕೆ ಮುನ್ನ ಕೈಬಿಟ್ಟರೆ ಬೋನಸಿನ ಬಾಕಿಯೆಲ್ಲವೂ ಆ ವರ್ಷದ ಲೆಕ್ಕಕ್ಕೇ ಸೇರುತ್ತದೆ. ಅನಂತರವಾದರೆ ಆ ವರ್ಷದ ಪಾಲು ಮಾತ್ರ ಸೇರಿ, ಉಳಿದುದು ಮುಂದಿನ ವರ್ಷಕ್ಕೆ ಹೋಗುತ್ತದೆ. ಇಬ್ಬರು ಆಟಗಾರರನ್ನು ಮೊದಲೇ ಬಿಡುಗಡೆ ಮಾಡಿ, ಲೆಕ್ಕವನ್ನು ಜೂನ್ 1ರ ನಂತರದ್ದೆಂದು ಬರೆಸುವ ಸೌಲಭ್ಯವೂ ತಂಡಕ್ಕಿದೆ. ಬಿಡುವಿನ ಕಾಲದಲ್ಲಿ 90 ಆಟಗಾರರನ್ನು ಇಟ್ಟುಕೊಳ್ಳಬಹುದಾದರೂ ಅತಿ ಹೆಚ್ಚು ಮೊತ್ತದ 51 ಮಂದಿಯನ್ನು ಮಾತ್ರ ಎಣಿಸಲಾಗುತ್ತದೆ. ಪಂದ್ಯಗಳು ಆರಂಭವಾದೊಡನೆ 53 ಮಂದಿಯ ಪೂರ್ಣ ತಂಡ, ಗಾಯಾಳುಗಳು, ಅಭ್ಯಾಸ ಬಳಗ ಎಲ್ಲವೂ ಲೆಕ್ಕಕ್ಕೆ ಬರುವುದರಿಂದ ಬೇಸಿಗೆಯಲ್ಲೇ ಅಷ್ಟು ಜಾಗವನ್ನು ಕಾದಿರಿಸಬೇಕು.

ಈ ಲೆಕ್ಕದ ಬಿಸಿ ತಟ್ಟುವುದು ಮನುಷ್ಯರಿಗೆ. 2021ರಲ್ಲಿ ಕೊರೋನಾದಿಂದ ಕ್ರೀಡಾಂಗಣಗಳು ಖಾಲಿ ಬಿದ್ದು, ಮಿತಿಯು 19.82 ಕೋಟಿಯಿಂದ 18.25 ಕೋಟಿ ಡಾಲರಿಗೆ ಕುಸಿಯಿತು. ವರ್ಷಗಳಿಂದ ಲೆಕ್ಕವನ್ನು ಮುಂದೂಡುತ್ತ ಬಂದಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವು ಮಿತಿಗಿಂತ ಸುಮಾರು 10 ಕೋಟಿ ಡಾಲರ್ ಮೇಲಿದೆಯೆಂದು ಆ ಫೆಬ್ರವರಿಯಲ್ಲಿ ಅಂದಾಜಿಸಲಾಗಿತ್ತು. ನಿವೃತ್ತಿಯ ಹೊಸ್ತಿಲಲ್ಲಿದ್ದ ನಾಯಕ ಡ್ರೂ ಬ್ರೀಸ್ ತಮ್ಮ 2.5 ಕೋಟಿ ಡಾಲರಿನ ಸಂಬಳವನ್ನು 10.75 ಲಕ್ಷಕ್ಕೆ ಇಳಿಸಿಕೊಂಡರು. ಅಷ್ಟೂ ಸಾಲಲಿಲ್ಲ. ಹನ್ನೆರಡು ವರ್ಷ ಆ ಒಂದೇ ತಂಡಕ್ಕೆ ಚೆಂಡನ್ನು ಒದ್ದಿದ್ದ ಥಾಮಸ್ ಮಾರ್‌ಸ್ಟೆಡ್ ಮಾರ್ಚಿನಲ್ಲಿ ಹೊರಬಿದ್ದರು. 2010ರ ಸೂಪರ್ ಬೌಲ್‌ನ ಉತ್ತರಾರ್ಧವನ್ನು ಯಾರೂ ನಿರೀಕ್ಷಿಸದ ಗಿಡ್ಡ ಒದೆತದಿಂದ ಆರಂಭಿಸಿ, ಸೇಂಟ್ಸ್‌ನ ಗೆಲುವಿಗೆ ತಿರುವು ಕೊಟ್ಟವರು ಅವರು. ಅವರ ಆಟ ಮುಗಿದಿರಲಿಲ್ಲ; ಅದೇ ವರ್ಷ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಆಡಿದರು. ಈ ಲೀಗಿನ ಬಹುಪಾಲು ಒಪ್ಪಂದಗಳಲ್ಲಿ ಮುಂದಿನ ವರ್ಷಗಳ ಸಂಬಳಕ್ಕೆ ಖಾತರಿಯಿಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಕಾಣುವ ದೊಡ್ಡ ಮೊತ್ತವನ್ನು ಆಟಗಾರನ ಗಳಿಕೆಯೆಂದು ಓದುವುದು ತಪ್ಪೆಂದು ನಾವು ಭಾವಿಸುತ್ತೇವೆ.

ಹಾಗೆಂದು ಮುಂದೂಡುವುದೇ ದೋಷವೆನ್ನಲಾಗದು. ಮಿತಿಯು ವರ್ಷವರ್ಷವೂ ಏರುತ್ತಿರುವಾಗ ಇಂದಿನ 30 ಲಕ್ಷ ನಾಳಿನ ಲೆಕ್ಕದಲ್ಲಿ ಚಿಕ್ಕ ಪಾಲಾಗುತ್ತದೆ. ಫಿಲಡೆಲ್ಫಿಯಾ ಈಗಲ್ಸ್ ತಂಡ ಇದೇ ಉಪಾಯವನ್ನು ಧಾರಾಳವಾಗಿ ಬಳಸುತ್ತಲೇ 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಯಾವ ಆಟಗಾರನ ಮೇಲೆ ಹಣವನ್ನು ಮುಂದೂಡಲಾಗಿದೆ, ಆತ ಅಷ್ಟು ವರ್ಷ ಆ ಯೋಗ್ಯತೆಯನ್ನು ಉಳಿಸಿಕೊಳ್ಳುವನೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಊಹೆ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಡೆನ್ವರ್ ಬ್ರಾಂಕೋಸ್ ಸಾಕ್ಷಿ. 2022ರ ಸೆಪ್ಟೆಂಬರಿನಲ್ಲಿ, ತನ್ನ ಪರವಾಗಿ ಲೀಗಿನ ಒಂದು ಪಂದ್ಯವನ್ನೂ ಇನ್ನೂ ಆಡಿರದ ರಸೆಲ್ ವಿಲ್ಸನ್‌ರೊಡನೆ ಆ ತಂಡ 5 ವರ್ಷಗಳಿಗೆ 24 ಕೋಟಿ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಆ ವರ್ಷ 17 ಪಂದ್ಯಗಳಲ್ಲಿ ಗೆದ್ದದ್ದು ಐದನ್ನು ಮಾತ್ರ. 2023ರಲ್ಲಿ ತರಬೇತುದಾರರಾಗಿ ಬಂದವರು ಷಾನ್ ಪೇಟನ್. ಸೇಂಟ್ಸ್ ತಂಡದಲ್ಲಿ ಬ್ರೀಸ್, ಮಾರ್‌ಸ್ಟೆಡ್ ಇಬ್ಬರಿಗೂ ಗುರುವಾಗಿದ್ದವರು ಇವರೇ. 2024ರ ಮಾರ್ಚಿನಲ್ಲಿ ವಿಲ್ಸನ್‌ರನ್ನು ಕೈಬಿಡಲಾಯಿತು. ಖಾತರಿ ನೀಡಿದ್ದ ಆ ವರ್ಷದ 3.9 ಕೋಟಿ ಮತ್ತು ಬೋನಸುಗಳ ಬಾಕಿ ಸೇರಿ ಡೆಡ್ ಮನಿ ಸುಮಾರು 8.5 ಕೋಟಿ ಡಾಲರಾಯಿತು. ಜೂನ್ 1ರ ನಿಯಮವನ್ನು ಬಳಸಿ ತಂಡವು ಅದನ್ನು ಎರಡು ವರ್ಷಗಳಿಗೆ ಹಂಚಿತು: 2024ಕ್ಕೆ ಸುಮಾರು 5.3 ಕೋಟಿ, 2025ಕ್ಕೆ ಸುಮಾರು 3.2 ಕೋಟಿ. ಅಷ್ಟು ಹೊರೆ ಹೊತ್ತು ಡೆನ್ವರ್ ಮಾಡಿದ ಕೆಲಸ ನಮಗೆ ಮೆಚ್ಚುಗೆಯಾಗುತ್ತದೆ. ಹೊಸ ಆಟಗಾರರ ಸಂಬಳಕ್ಕೆ 2011ರಿಂದ ಬಿಗಿಯಾದ ಕೋಷ್ಟಕವಿರುವುದನ್ನು ನೆನೆದು, ಏಪ್ರಿಲಿನ ಡ್ರಾಫ್ಟಿನಲ್ಲಿ ಬೋ ನಿಕ್ಸ್ ಎಂಬ ಯುವಕನನ್ನು ಅಗ್ಗದ ಒಪ್ಪಂದದಲ್ಲಿ ಆರಿಸಿಕೊಂಡು, 10 ಪಂದ್ಯ ಗೆದ್ದು ಮುಂದಿನ ಸುತ್ತಿಗೂ ಹೋಯಿತು. ಇತ್ತ ವಿಲ್ಸನ್ ಕನಿಷ್ಠ ಸಂಬಳವಾದ 12.1 ಲಕ್ಷ ಡಾಲರಿಗೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಸೇರಿದರು; ಮುಖ್ಯ ಹಣವನ್ನು ಡೆನ್ವರ್ ತೆರುತ್ತಿದ್ದುದರಿಂದ ಅವರಿಗೂ ಅಷ್ಟು ಸಾಕಾಗಿತ್ತು. 2025ರಲ್ಲಿ ಅವರು ನ್ಯೂಯಾರ್ಕ್ ಜಯಂಟ್ಸ್ ಸೇರಿದಾಗಲೂ ಡೆನ್ವರ್‌ನ ಪುಸ್ತಕದಲ್ಲಿ ಅವರ ಹೆಸರಿನ ಆ 3.2 ಕೋಟಿ ಹಾಗೆಯೇ ಇತ್ತು.